‘ನಮ್ಮದೇ ಸಹಕಾರಿ ಅಂಗಡಿ, ಅರ್ಧ ಬೆಲೆಗೆ ದಿನಸಿ’: ಈ ಮಾತಿನಲ್ಲಿ ನಿಜವೆಷ್ಟು?

ಅಪಾರ್ಟ್‌ಮೆಂಟ್ ಗುಂಪಿನಲ್ಲೋ, ಊರಿನ ವಾಟ್ಸಾಪ್ ಗುಂಪಿನಲ್ಲೋ ಇಂಥದ್ದೊಂದು ಮೆಸೇಜ್ ನಿಮಗೂ ಬಂದಿರಬಹುದು. ಎಲ್ಲರೂ ಒಂದಿಷ್ಟು ಹಣ ಹಾಕೋಣ, ರೈತರಿಂದ ನೇರವಾಗಿ ಅಕ್ಕಿ, ಬೇಳೆ, ಬೆಲ್ಲ ತರೋಣ, ನಮ್ಮದೇ ಅಂಗಡಿ ತೆರೆಯೋಣ. ಮಧ್ಯವರ್ತಿ ಇಲ್ಲ, ಕಲಬೆರಕೆ ಇಲ್ಲ, ಬೆಲೆ ಅರ್ಧ. ವರ್ಷದ ಕೊನೆಗೆ ಲಾಭವೂ ನಮಗೇ. ಮೆಸೇಜಿನ ಕೊನೆಯಲ್ಲಿ ‘ಇವತ್ತೇ ಹಣ ಕಳಿಸಿ, ಹತ್ತು ಜನರಿಗೆ ಫಾರ್ವರ್ಡ್ ಮಾಡಿ’ ಎಂಬ ಸಾಲು.

ಇದನ್ನು ಪೂರ್ತಿ ಮೋಸ ಎಂದು ತಳ್ಳಿಹಾಕುವಂತಿಲ್ಲ. ಗ್ರಾಹಕರೇ ಸೇರಿ ಅಂಗಡಿ ತೆರೆದು ದಶಕಗಟ್ಟಲೆ ನಡೆಸಿದ ಉದಾಹರಣೆಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಆದರೆ ಅರ್ಧ ಬೆಲೆಯ ಆಸೆ ತೋರಿಸಿ ಶುರುವಾದ ಅಂಗಡಿ ಉಳಿಯುವುದು ಕಷ್ಟ. ಉಳಿದ ಅಂಗಡಿಗಳು ಬೇರೆಯೇ ನಿಯಮಗಳ ಮೇಲೆ ನಿಂತವು. ಆ ನಿಯಮಗಳು ಯಾವುವು, ಹಣ ಹಾಕುವ ಮೊದಲು ಏನೇನು ಕೇಳಬೇಕು ಎಂಬುದನ್ನು ನೋಡೋಣ.

ಚುಟುಕಾಗಿ ಹೇಳುವುದಾದರೆ:

• ಸಹಕಾರಿ ಅಂಗಡಿಯಿಂದ ಸರಿಯಾದ ತೂಕ, ನಂಬಬಹುದಾದ ಸರಕು, ಬಯಲಾದ ಲೆಕ್ಕ ಸಿಗಬಹುದು. ಅರ್ಧ ಬೆಲೆ ಸಿಗುವುದಿಲ್ಲ.
• ಮಧ್ಯವರ್ತಿಯನ್ನು ತೆಗೆಯಬಹುದು. ಅವನು ಮಾಡುತ್ತಿದ್ದ ಕೆಲಸವನ್ನು ತೆಗೆಯಲಾಗುವುದಿಲ್ಲ. ಅದನ್ನು ಸದಸ್ಯರೇ ಮಾಡಬೇಕು.
• ಅಂಗಡಿ ಉಳಿಯುವುದು ಸದಸ್ಯರ ಸಂಖ್ಯೆಯಿಂದಲ್ಲ, ಅವರು ಪ್ರತಿ ತಿಂಗಳು ಅಲ್ಲೇ ಕೊಳ್ಳುವುದರಿಂದ.
• ನೀವು ಕೊಡುವ ಷೇರು ಹಣ ಠೇವಣಿ ಅಲ್ಲ. ಅಂಗಡಿ ಮುಳುಗಿದರೆ ಅದೂ ಮುಳುಗಬಹುದು.

ಸಹಕಾರಿ ಅಂಗಡಿ ಅಂದರೆ ಏನು?

ಅಲ್ಲಿ ಕೊಳ್ಳುವವರೇ ಅದರ ಮಾಲೀಕರು. ಪ್ರತಿ ಸದಸ್ಯರೂ ಒಂದಿಷ್ಟು ಷೇರು ಹಣ ಹಾಕುತ್ತಾರೆ. ಹತ್ತು ಷೇರು ಇದ್ದರೂ ಒಂದು ಷೇರು ಇದ್ದರೂ ಮತ ಒಂದೇ. ಆಡಳಿತ ಮಂಡಳಿಯನ್ನು ಸದಸ್ಯರೇ ಆರಿಸುತ್ತಾರೆ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆಯಲ್ಲಿ ಲೆಕ್ಕ ಒಪ್ಪಿಸಬೇಕು.

ಇದನ್ನು ನ್ಯಾಯಬೆಲೆ ಅಂಗಡಿಯೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಅಲ್ಲಿ ಪಡಿತರದ ಖರ್ಚು ಸರ್ಕಾರದ್ದು. ನಂದಿನಿ ಮತ್ತು ಹಾಪ್‌ಕಾಮ್ಸ್ ಸಹಕಾರಿ ಸಂಸ್ಥೆಗಳೇ, ಆದರೆ ಅವು ಬೆಳೆಗಾರರ, ಉತ್ಪಾದಕರ ಸಂಸ್ಥೆಗಳು. ಹಾಪ್‌ಕಾಮ್ಸ್ ಶುರುವಾದದ್ದು 1959ರಲ್ಲಿ, ಬೆಂಗಳೂರು ಸುತ್ತಮುತ್ತಲಿನ ದ್ರಾಕ್ಷಿ ಬೆಳೆಗಾರರ ಸಂಘವಾಗಿ. ಹಾಲು ಹಾಕುವವರಿಗೆ, ಹಣ್ಣು ಬೆಳೆಯುವವರಿಗೆ ಒಳ್ಳೆಯ ಬೆಲೆ ಸಿಗಲಿ ಎಂಬುದು ಅವುಗಳ ಮೂಲ ಉದ್ದೇಶ. ಗ್ರಾಹಕರ ಸಹಕಾರಿ ಅಂಗಡಿಯ ಉದ್ದೇಶ ಕೊಳ್ಳುವವರಿಗೆ ಒಳ್ಳೆಯ ಸರಕು ಸಿಗಲಿ ಎಂಬುದು. ಎರಡೂ ಒಂದೇ ಎಂದುಕೊಂಡು ‘ರೈತರಿಗೆ ಹೆಚ್ಚು ಬೆಲೆ, ನಮಗೆ ಅರ್ಧ ಬೆಲೆ’ ಎಂದು ಒಂದೇ ಉಸಿರಿನಲ್ಲಿ ಭರವಸೆ ಕೊಟ್ಟರೆ ಅಲ್ಲೇ ಅನುಮಾನ ಪಡಬೇಕು. ಎರಡರ ನಡುವಿನ ಖರ್ಚನ್ನು ಯಾರಾದರೂ ಹೊರಲೇಬೇಕಲ್ಲ?

28 ಜನ, 28 ಪೌಂಡ್, ಐದು ಬಗೆಯ ಸರಕು

ಇಂದಿನ ಗ್ರಾಹಕ ಸಹಕಾರಿ ಅಂಗಡಿಗಳೆಲ್ಲ ತಮ್ಮ ಮಾದರಿ ಎಂದು ನೆನೆಯುವುದು ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣವನ್ನು. ಮ್ಯಾಂಚೆಸ್ಟರ್ ಹತ್ತಿರದ ಈ ಪಟ್ಟಣ ಉಣ್ಣೆ ಬಟ್ಟೆಯ ನೇಕಾರಿಕೆಗೆ ಹೆಸರಾಗಿತ್ತು. 1840ರ ದಶಕದಲ್ಲಿ ನೇಕಾರರ ಕೂಲಿ ಕುಸಿದಿತ್ತು, ಕೂಲಿ ಹೆಚ್ಚಿಸಿ ಎಂದು ನಡೆಸಿದ ಮುಷ್ಕರ ಸೋತಿತ್ತು. ಅಂಗಡಿಯವರ ಹತ್ತಿರ ಉದ್ರಿ ಬರೆಸಿಯೇ ಮನೆ ನಡೆಯುತ್ತಿತ್ತು. ಉದ್ರಿ ಇದ್ದವರು ತೂಕ ಕಡಿಮೆ ಬಂದರೂ, ಹಿಟ್ಟಿನಲ್ಲಿ ಏನು ಬೆರೆತಿದ್ದರೂ ಬಾಯಿ ಬಿಡುವಂತಿರಲಿಲ್ಲ.

ಆಗ ನೇಕಾರರೂ ಬೇರೆ ಕಸುಬಿನವರೂ ಸೇರಿ 28 ಮಂದಿ ಒಂದು ಸಂಘ ಕಟ್ಟಿದರು. ತಲಾ ಒಂದು ಪೌಂಡ್ ಷೇರು. ಒಂದೇ ಸಲ ಕೊಡುವ ಶಕ್ತಿ ಇಲ್ಲದವರು ವಾರಕ್ಕೆ ಎರಡು, ಮೂರು ಪೆನ್ನಿಯಂತೆ ಕಟ್ಟಿದರು. 28 ಪೌಂಡ್ ಕೂಡುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು. ಟೋಡ್ ಲೇನ್ ಎಂಬ ಬೀದಿಯ ಗೋದಾಮಿನ ನೆಲ ಅಂತಸ್ತನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಹಿಡಿದರು. 1844ರ ಡಿಸೆಂಬರ್ 21ರ ಸಂಜೆ ಬಾಗಿಲು ತೆರೆದರು.

ಒಳಗಿದ್ದ ಸರಕು ಇಷ್ಟೇ: ಸುಮಾರು 12 ಕೆಜಿ ಬೆಣ್ಣೆ, 25 ಕೆಜಿ ಸಕ್ಕರೆ, 300 ಕೆಜಿ ಗೋಧಿ ಹಿಟ್ಟು, ಒಂದು ಮೂಟೆ ಓಟ್ಸ್ ಹಿಟ್ಟು, ಒಂದಿಷ್ಟು ಮೇಣದಬತ್ತಿ. ಬೀದಿಯ ಹುಡುಗರು ಬಾಗಿಲಲ್ಲಿ ನಿಂತು ಗೇಲಿ ಮಾಡಿದರು. ಮೊದಮೊದಲು ಅಂಗಡಿ ತೆರೆಯುತ್ತಿದ್ದದ್ದು ವಾರಕ್ಕೆ ಎರಡು ಸಂಜೆ ಮಾತ್ರ, ಏಕೆಂದರೆ ನಡೆಸುವವರು ಹಗಲು ತಮ್ಮ ದುಡಿಮೆಗೆ ಹೋಗಬೇಕಿತ್ತು.

ಒಂದು ವರ್ಷದ ನಂತರ ಸದಸ್ಯರು 74. ಆರು ವರ್ಷಕ್ಕೆ, 1850ರಲ್ಲಿ, 600. 1860ರ ಹೊತ್ತಿಗೆ 3,450. ಆ ಮೊದಲ ಅಂಗಡಿಯ ಕಟ್ಟಡ ಈಗ ವಸ್ತುಸಂಗ್ರಹಾಲಯ.

ಅವರು ಗೆದ್ದದ್ದು ಹೇಗೆ?

ಫಾರ್ವರ್ಡ್‌ಗಳಲ್ಲಿ ಬರುವ ಕಥೆ ಇಲ್ಲಿಗೆ ‘ಒಗ್ಗಟ್ಟಿನಲ್ಲಿ ಬಲವಿದೆ’ ಎಂದು ಮುಗಿದುಬಿಡುತ್ತದೆ. ಆದರೆ ಅದೇ ಊರಿನಲ್ಲಿ, ಅದೇ ಬೀದಿಯಲ್ಲಿ, 1833ರಲ್ಲೇ ಇನ್ನೊಂದು ಸಹಕಾರಿ ಅಂಗಡಿ ಶುರುವಾಗಿತ್ತು. ಅಲ್ಲೂ ಒಗ್ಗಟ್ಟಿತ್ತು. ಸದಸ್ಯರಿಗೆ ಉದ್ರಿ ಕೊಡುತ್ತಾ ಹೋದ ಆ ಅಂಗಡಿ ಎರಡೇ ವರ್ಷದಲ್ಲಿ ಮುಚ್ಚಿತು. 1844ರವರು ಆ ಸೋಲನ್ನು ಕಣ್ಣಾರೆ ಕಂಡವರು. ಅದಕ್ಕೇ ನಾಲ್ಕು ನಿಯಮ ಬಿಗಿಯಾಗಿ ಹಿಡಿದರು.

ಒಂದು, ನಗದು ವ್ಯಾಪಾರ. ಯಾರಿಗೂ ಉದ್ರಿ ಇಲ್ಲ. ಕೈಯಲ್ಲಿರುವ 28 ಪೌಂಡಿನಲ್ಲಿ 10 ಪೌಂಡ್ ಉದ್ರಿಗೆ ಹೋದರೆ ಮುಂದಿನ ವಾರ ಸರಕು ತರಲು ಹಣವೇ ಇರುವುದಿಲ್ಲ.

ಎರಡು, ಸರಿಯಾದ ತೂಕ, ಕಲಬೆರಕೆ ಇಲ್ಲದ ಸರಕು.

ಮೂರು, ಒಬ್ಬರಿಗೆ ಒಂದು ಮತ. ಮಹಿಳೆಯರೂ ತಮ್ಮದೇ ಹೆಸರಿನಲ್ಲಿ ಸದಸ್ಯರಾಗಬಹುದಿತ್ತು. ವಿವಾಹಿತ ಮಹಿಳೆಗೆ ಸ್ವಂತ ಆಸ್ತಿಯ ಮೇಲೆ ಪೂರ್ಣ ಹಕ್ಕು ಕೊಡುವ ಕಾನೂನು ಇಂಗ್ಲೆಂಡಿಗೆ ಬಂದದ್ದು 1882ರಲ್ಲಿ ಎಂಬುದನ್ನು ನೆನೆದರೆ ಇದರ ತೂಕ ಗೊತ್ತಾಗುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಮಾರುಕಟ್ಟೆ ಬೆಲೆಗೇ ಮಾರುವುದು. ಹೌದು, ಅವರು ಕಡಿಮೆ ಬೆಲೆಗೆ ಮಾರಲಿಲ್ಲ. ಬೇರೆ ಅಂಗಡಿಯ ಬೆಲೆಗೇ ಮಾರಿ, ಖರ್ಚೆಲ್ಲ ಕಳೆದು, ಷೇರು ಹಣಕ್ಕೆ ಮಿತಿಯಾದ ಬಡ್ಡಿ ಕೊಟ್ಟು, ಉಳಿದ ಲಾಭವನ್ನು ಯಾರು ಎಷ್ಟು ಕೊಂಡರೋ ಅದಕ್ಕೆ ತಕ್ಕಂತೆ ಹಂಚಿದರು. ಹೆಚ್ಚು ಷೇರು ಇದ್ದವರಿಗೆ ಹೆಚ್ಚು ಲಾಭ ಎಂಬ ಲೆಕ್ಕ ಅಲ್ಲಿರಲಿಲ್ಲ. ಹೆಚ್ಚು ಸಾಮಾನು ಕೊಂಡ ಮನೆಗೆ ಹೆಚ್ಚು ಹಣ ವಾಪಸ್.

ಇದು ಏಕೆ ಜಾಣ ಉಪಾಯ? ಮೊದಲ ದಿನದಿಂದಲೇ ಬೆಲೆ ಇಳಿಸಿದ ಅಂಗಡಿಗೆ ತನ್ನ ನಿಜವಾದ ಖರ್ಚು ಎಷ್ಟು ಎಂದು ಇನ್ನೂ ಗೊತ್ತಿರುವುದಿಲ್ಲ. ಇಲಿ ತಿಂದದ್ದು, ತೂಕದಲ್ಲಿ ಸೋರಿದ್ದು, ಹಾಳಾದದ್ದು, ಎಲ್ಲ ಲೆಕ್ಕಕ್ಕೆ ಬರುವುದು ತಿಂಗಳುಗಳ ನಂತರ. ಬೆಲೆ ಇಳಿಸಿ ಆಮೇಲೆ ಏರಿಸಿದರೆ ಸದಸ್ಯರು ಸಿಟ್ಟಾಗುತ್ತಾರೆ. ಮಾರುಕಟ್ಟೆ ಬೆಲೆಗೆ ಮಾರಿ, ಲೆಕ್ಕ ಮುಗಿದ ಮೇಲೆ ಉಳಿದದ್ದನ್ನು ವಾಪಸ್ ಕೊಟ್ಟರೆ ಅಂಗಡಿಯೂ ಉಳಿಯುತ್ತದೆ, ಸದಸ್ಯರಿಗೂ ಖುಷಿ.

ಬಿಳಿ ಹಿಟ್ಟು, ಹಳದಿ ಬೆಲ್ಲ

ಆ ಕಾಲದ ಇಂಗ್ಲೆಂಡಿನಲ್ಲಿ ಕಲಬೆರಕೆ ಸಣ್ಣ ವಿಷಯವಾಗಿರಲಿಲ್ಲ. ಬ್ರೆಡ್ ಬೆಳ್ಳಗೆ ಕಾಣಲಿ ಎಂದು ಹಿಟ್ಟಿಗೆ ಪಟಿಕ ಬೆರೆಸುತ್ತಿದ್ದರು. ಕ್ಷೌರದಂಗಡಿಯಲ್ಲಿ ಗಡ್ಡ ತೆಗೆದ ಮೇಲೆ ಕೆನ್ನೆಗೆ ಉಜ್ಜುತ್ತಾರಲ್ಲ, ಅದೇ ಪಟಿಕ. ಬಳಸಿ ಬಿಸಾಡಿದ ಚಹಾ ಎಲೆಯನ್ನು ಒಣಗಿಸಿ, ಬಣ್ಣ ಹಾಕಿ ಮತ್ತೆ ಮಾರುತ್ತಿದ್ದರು. 1850ರ ದಶಕದ ಆರಂಭದಲ್ಲಿ ಆರ್ಥರ್ ಹಿಲ್ ಹ್ಯಾಸಲ್ ಎಂಬ ವೈದ್ಯ ಲಂಡನ್ನಿನ ಅಂಗಡಿಗಳಿಂದ ಸಾಮಾನು ಕೊಂಡು, ಸೂಕ್ಷ್ಮದರ್ಶಕದಲ್ಲಿ ನೋಡಿ, ಏನೇನು ಬೆರೆತಿದೆ ಎಂದು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಒಂದೊಂದಾಗಿ ಬಯಲು ಮಾಡಿದ. 1858ರಲ್ಲಿ ಬ್ರಾಡ್‌ಫರ್ಡ್ ಪಟ್ಟಣದಲ್ಲಿ ಮಿಠಾಯಿ ತಿಂದು ಸುಮಾರು 20 ಮಂದಿ ಸತ್ತರು. ಸಕ್ಕರೆ ಉಳಿಸಲು ಅಗ್ಗದ ಬಿಳಿ ಪುಡಿ ಬೆರೆಸುವುದು ಅಲ್ಲಿ ರೂಢಿಯಾಗಿತ್ತು. ಆ ದಿನ ಆ ಪುಡಿಯ ಬದಲು ತಪ್ಪಿ ಆರ್ಸೆನಿಕ್ ವಿಷ ಬಂದಿತ್ತು. ಇಂಗ್ಲೆಂಡಿನ ಮೊದಲ ಕಲಬೆರಕೆ ತಡೆ ಕಾನೂನು ಬಂದದ್ದು 1860ರಲ್ಲಿ.

ಇಂಥ ಕಾಲದಲ್ಲಿ ರಾಚ್‌ಡೇಲಿನವರು 1850ರಲ್ಲಿ ತಮ್ಮದೇ ಹಿಟ್ಟಿನ ಗಿರಣಿ ಹಾಕಿದರು. ಆಗ ಅವರು ಎಣಿಸದಿದ್ದ ತೊಂದರೆ ಎದುರಾಯಿತು. ಏನೂ ಬೆರೆಸದ ಹಿಟ್ಟು ಸ್ವಲ್ಪ ಹಳದಿಯಾಗಿ ಕಾಣುತ್ತಿತ್ತು. ಪಟಿಕದ ಬಿಳುಪಿಗೆ ಕಣ್ಣು ಒಗ್ಗಿದ್ದ ಸ್ವಂತ ಸದಸ್ಯರಲ್ಲೇ ಕೆಲವರು ಇದು ಕೆಟ್ಟ ಹಿಟ್ಟು ಎಂದು ಮೂಗು ಮುರಿದರು. ಗಿರಣಿ ಮೊದಲಿಗೆ ನಷ್ಟದಲ್ಲೇ ನಡೆಯಿತು. ಆದರೂ ಅವರು ಪಟಿಕ ಬೆರೆಸಲಿಲ್ಲ.

ನಮ್ಮಲ್ಲೂ ಬೆಲ್ಲದ ವಿಷಯ ಹೀಗೇ ಇದೆ. ಕಬ್ಬಿನ ಹಾಲು ಕಾಯಿಸಿದಾಗ ಸಹಜವಾಗಿ ಬರುವ ಬೆಲ್ಲ ಬಹುಪಾಲು ಕಂದು. ತಿಳಿ ಹಳದಿ ಬೇಕು ಎಂದು ಗಿರಾಕಿ ಕೇಳುವುದರಿಂದ ಆಲೆಮನೆಗಳಲ್ಲಿ ಗಂಧಕ ಇರುವ ಬಿಳುಪುಕಾರಕ ಹಾಕುವುದುಂಟು. ಇದು ಮಿತಿ ಮೀರಿದರೆ ಅಸ್ತಮಾ ಇರುವ ಕೆಲವರಿಗೆ ಉಸಿರಾಟದ ತೊಂದರೆ ತರಬಹುದು. ಹಾಗೆಂದು ‘ಕಪ್ಪಗಿದ್ದರೆ ಶುದ್ಧ’ ಎಂಬ ಫಾರ್ವರ್ಡ್ ಕೂಡ ಸರಿಯಲ್ಲ. ಹಳೆಯ ಬೆಲ್ಲ, ಹೆಚ್ಚು ಕಾಯಿಸಿ ಸೀದ ಬೆಲ್ಲ, ಕೊಳೆ ತೆಗೆಯದ ಬೆಲ್ಲ, ಇವೂ ಕಪ್ಪಗೇ ಇರುತ್ತವೆ. ಬಣ್ಣ ನೋಡಿ ಶುದ್ಧತೆ ಹೇಳಲಾಗದು. ಎಲ್ಲಿಂದ ಬಂತು, ಹೇಗೆ ಮಾಡಿದರು ಎಂದು ಕೇಳಿ ತಿಳಿಯುವವರು ಅಂಗಡಿಯಲ್ಲಿರಬೇಕು. ಸಹಕಾರಿ ಅಂಗಡಿಯ ನಿಜವಾದ ಲಾಭ ಇರುವುದು ಇಲ್ಲಿ.

ನಮ್ಮ ನಾಡಿಗೆ ಬಂದ ದಾರಿ

ಬ್ರಿಟಿಷ್ ಭಾರತದ 1904ರ ಸಹಕಾರ ಕಾಯ್ದೆ ಇದ್ದದ್ದು ಸಾಲದ ಸಂಘಗಳಿಗೆ. ಅದರ ಅಡಿಯಲ್ಲಿ 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘವನ್ನು ದೇಶದ ಮೊದಲ ಕೃಷಿ ಸಹಕಾರ ಸಂಘ ಎಂದು ಗುರುತಿಸುತ್ತಾರೆ. ಗ್ರಾಹಕರ ಅಂಗಡಿಯ ಸಾಲಿನಲ್ಲಿ ಮೊದಲು ಬರುವ ಹೆಸರು ಮದರಾಸಿನ ಟ್ರಿಪ್ಲಿಕೇನ್ ಸಹಕಾರ ಸಂಘ. ಅದು ಶುರುವಾದದ್ದು 1904ರಲ್ಲಿ, ರಾಚ್‌ಡೇಲ್ ಮಾದರಿಯಲ್ಲಿ. ಸಾಲವಲ್ಲದ ಬೇರೆ ಬಗೆಯ ಸಂಘಗಳಿಗೂ ಕಾನೂನು ಜಾಗ ಕೊಟ್ಟದ್ದು 1912ರಲ್ಲಿ. 1962ರ ಚೀನಾ ಯುದ್ಧದ ಹೊತ್ತಿಗೆ ಬೆಲೆ ಏರಿಕೆ ತಡೆಯಲು ಕೇಂದ್ರ ಸರ್ಕಾರ ಗ್ರಾಹಕ ಸಹಕಾರ ಸಂಘಗಳಿಗೆ ದೊಡ್ಡ ಮಟ್ಟದಲ್ಲಿ ನೆರವು ಕೊಡತೊಡಗಿತು. ನಮ್ಮ ಹಿರಿಯರು ನೆನೆಯುವ ಜನತಾ ಬಜಾರ್‌ಗಳು ಇದೇ ಕುಟುಂಬದವು.

ಈಗ ಕರ್ನಾಟಕದಲ್ಲಿ ಹೊಸ ಸಂಘ ನೋಂದಾಯಿಸಲು ಎರಡು ದಾರಿ ಇವೆ. ಒಂದು, 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ. ಇನ್ನೊಂದು, ಸರ್ಕಾರದ ಹಿಡಿತ ಕಡಿಮೆ ಇರುವ 1997ರ ಸೌಹಾರ್ದ ಸಹಕಾರಿ ಕಾಯ್ದೆ. ಸಹಕಾರ ಸಂಘ ಕಟ್ಟುವುದು 2011ರ ಸಂವಿಧಾನ ತಿದ್ದುಪಡಿಯ ನಂತರ ನಾಗರಿಕರ ಮೂಲಭೂತ ಹಕ್ಕು ಕೂಡ ಹೌದು.

ಇನ್ನು ಫಾರ್ವರ್ಡ್‌ಗಳಲ್ಲಿ ಬರುವ ನಾಲ್ಕು ಮಾತುಗಳನ್ನು ಒಂದೊಂದಾಗಿ ತೂಗೋಣ.

ಮಾತು 1: ‘ರೈತನಿಗೆ ಕೆಜಿಗೆ 80, ಅಂಗಡಿಯಲ್ಲಿ 130. ನಡುವಿನ 50 ಮಧ್ಯವರ್ತಿಯ ಜೇಬಿಗೆ’

ಇದು ಅರ್ಧ ಸತ್ಯ. ರೈತ ಮಾರುವುದು ತೊಗರಿಕಾಳು, ನೀವು ಕೊಳ್ಳುವುದು ತೊಗರಿಬೇಳೆ. 100 ಕೆಜಿ ಕಾಳನ್ನು ಗಿರಣಿಗೆ ಹಾಕಿದರೆ ಸುಮಾರು 70ರಿಂದ 75 ಕೆಜಿ ಬೇಳೆ ಸಿಗುತ್ತದೆ. ಉಳಿದದ್ದು ಸಿಪ್ಪೆ, ನುಚ್ಚು, ಪುಡಿ.

ಉದಾಹರಣೆಗೆ ಕಾಳಿನ ಬೆಲೆ ಕೆಜಿಗೆ 80 ರೂಪಾಯಿ ಎಂದಿಟ್ಟುಕೊಳ್ಳಿ. 100 ಕೆಜಿಗೆ 8,000. ಅದರಿಂದ 72 ಕೆಜಿ ಬೇಳೆ ಬಂದರೆ, ಕೆಜಿ ಬೇಳೆಯ ಅಸಲು ಆಗಲೇ 111 ರೂಪಾಯಿ. ಸಿಪ್ಪೆ ಮತ್ತು ನುಚ್ಚನ್ನು ದನದ ಮೇವಿಗೆ ಮಾರಿ ಸ್ವಲ್ಪ ವಾಪಸ್ ಬರುತ್ತದೆ. ಅದರ ಮೇಲೆ ಗಿರಣಿ ಕೂಲಿ, ಚೀಲ, ಹಮಾಲಿ, ಲಾರಿ ಬಾಡಿಗೆ, ಅಂಗಡಿಯ ಖರ್ಚು ಸೇರುತ್ತದೆ. ಭತ್ತದ್ದೂ ಇದೇ ಕಥೆ. 100 ಕೆಜಿ ಭತ್ತದಿಂದ ಅಕ್ಕಿ ಸಿಗುವುದು ಮೂರರಲ್ಲಿ ಎರಡು ಪಾಲಿನ ಆಸುಪಾಸು.

ಮಧ್ಯವರ್ತಿಗಳಲ್ಲಿ ಸುಲಿಗೆ ಮಾಡುವವರು ಇಲ್ಲ ಎಂದೇನೂ ಅಲ್ಲ. ಆದರೆ ಸರಕು ಆರಿಸುವುದು, ಸ್ವಚ್ಛ ಮಾಡಿಸುವುದು, ಗೋದಾಮಿನಲ್ಲಿ ಇಡುವುದು, ಹಾಳಾದರೆ ನಷ್ಟ ಹೊರುವುದು, ಇವೆಲ್ಲ ಕೆಲಸಗಳೇ. ಸದಸ್ಯರು ಅವನ್ನು ತಾವೇ ಮಾಡಿದಷ್ಟು ಮಟ್ಟಿಗೆ ಹಣ ಉಳಿಯುತ್ತದೆ. ‘ನೇರ ಖರೀದಿ’ ಎಂದು ಬೋರ್ಡ್ ಹಾಕಿದ ಮಾತ್ರಕ್ಕೆ ಉಳಿಯುವುದಿಲ್ಲ.

ಮಾತು 2: ‘200 ಮನೆ ಸೇರಿದರೆ ಸಾಕು, ಅಂಗಡಿ ಗೆದ್ದಂತೆ’

ಲೆಕ್ಕ ಮಾಡಿ ನೋಡೋಣ. ಕೆಳಗಿನ ಅಂಕಿಗಳು ಅರ್ಥವಾಗಲಿ ಎಂದು ಹಾಕಿಕೊಂಡವು. ನಿಮ್ಮ ಊರಿನ ಬಾಡಿಗೆ, ಸಂಬಳ ಹಾಕಿ ನೀವೇ ಬದಲಿಸಿಕೊಳ್ಳಿ.

200 ಮನೆಗಳು ತಿಂಗಳಿಗೆ ತಲಾ 3,000 ರೂಪಾಯಿ ದಿನಸಿ ಕೊಂಡರೆ ವ್ಯಾಪಾರ 6 ಲಕ್ಷ. ಮಾರಾಟದ ಮೇಲೆ ನೂರಕ್ಕೆ 10ರಷ್ಟು ಉಳಿದರೆ 60,000.

ಖರ್ಚು:
• ಬಾಡಿಗೆ 15,000
• ಇಬ್ಬರ ಸಂಬಳ 30,000
• ಕರೆಂಟ್, ಫೋನ್ 4,000
• ಚೀಲ, ಹಮಾಲಿ, ಇತರೆ 4,000
• ಹಾಳಾದದ್ದು, ತೂಕದಲ್ಲಿ ಸೋರಿದ್ದು 3,000

ಒಟ್ಟು 56,000. ಉಳಿಯುವುದು 4,000. ಒಂದು ಮನೆಗೆ ತಿಂಗಳಿಗೆ 20 ರೂಪಾಯಿ!

ಈಗ 50 ಮನೆಯವರು ಆಫರ್ ನೋಡಿ ಮತ್ತೆ ಸೂಪರ್ ಮಾರ್ಕೆಟ್ಟಿಗೋ ಹತ್ತು ನಿಮಿಷದ ಡೆಲಿವರಿ ಆ್ಯಪಿಗೋ ಹೋದರು ಎನ್ನಿ. ಸದಸ್ಯರ ಪಟ್ಟಿಯಲ್ಲಿ ಅವರ ಹೆಸರು ಹಾಗೇ ಇರುತ್ತದೆ. ಆದರೆ ವ್ಯಾಪಾರ 4.5 ಲಕ್ಷಕ್ಕೆ ಇಳಿಯಿತು, ಉಳಿತಾಯ 45,000ಕ್ಕೆ ಬಂತು. ಬಾಡಿಗೆ, ಸಂಬಳ ಕಡಿಮೆಯಾಗುವುದಿಲ್ಲವಾದ್ದರಿಂದ ಖರ್ಚು 55,000 ಆಸುಪಾಸಿನಲ್ಲೇ ನಿಂತಿತು. ತಿಂಗಳಿಗೆ 10,000 ನಷ್ಟ. ಪ್ರತಿ ಮನೆಯಿಂದ 500 ರೂಪಾಯಿಯಂತೆ ಕೂಡಿಸಿದ ಷೇರು ಹಣ 1 ಲಕ್ಷ. ಹತ್ತೇ ತಿಂಗಳಲ್ಲಿ ಅದು ಖಾಲಿ.

ಇಲ್ಲಿ ಯಾರೂ ಕದ್ದಿಲ್ಲ, ಯಾರೂ ಮೋಸ ಮಾಡಿಲ್ಲ. ಅಂಗಡಿ ಮಾತ್ರ ಮುಚ್ಚಿತು. ಆದ್ದರಿಂದ ಸೇರುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ‘500 ರೂಪಾಯಿ ಕೊಡಲೇ?’ ಎಂಬುದಕ್ಕಿಂತ ‘ತಿಂಗಳಿಗೆ 3,000ದ ಸಾಮಾನು ಎರಡು ವರ್ಷ ಅಲ್ಲೇ ಕೊಳ್ಳುತ್ತೇನೆಯೇ?’ ಎಂಬುದು. ಕೆಲವು ಕಡೆ ಈ ಖರ್ಚು ತಗ್ಗಿಸಲು ಸದಸ್ಯರೇ ಪಾಳಿಯಲ್ಲಿ ಕೆಲಸ ಮಾಡುತ್ತಾರೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1973ರಿಂದ ನಡೆಯುತ್ತಿರುವ ಪಾರ್ಕ್ ಸ್ಲೋಪ್ ಸಹಕಾರಿ ಅಂಗಡಿಯಲ್ಲಿ ಮೂಟೆ ಬಿಚ್ಚುವುದು, ಸರಕು ಜೋಡಿಸುವುದು, ಬಿಲ್ ಮಾಡುವುದು ಬಹುಮಟ್ಟಿಗೆ ಸದಸ್ಯರ ಕೆಲಸ. ಅಲ್ಲಿ ದುಡಿಯದವರಿಗೆ ಕೊಳ್ಳುವ ಹಕ್ಕೂ ಇಲ್ಲ.

ಮಾತು 3: ‘ಷೇರು ಹಣ ಸುರಕ್ಷಿತ, ವರ್ಷಕ್ಕೆ ಇಷ್ಟು ಲಾಭ ಗ್ಯಾರಂಟಿ’

ತಪ್ಪು. ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಅಂಗಡಿಯ ಷೇರು ಹಣಕ್ಕೆ ಅಂಥ ಯಾವ ವಿಮೆಯೂ ಇಲ್ಲ. ಷೇರು ಎಂದರೆ ಮಾಲೀಕತ್ವ. ಅಂಗಡಿಯ ನಷ್ಟದಲ್ಲೂ ಪಾಲು ಇದೆ ಎಂದೇ ಅರ್ಥ.

ಸಂಘ ಇನ್ನೂ ನೋಂದಣಿಯೇ ಆಗದಿರುವಾಗ ಯಾರದೋ ವೈಯಕ್ತಿಕ ಯುಪಿಐ ನಂಬರಿಗೆ ಹಣ ಕಳಿಸಿ ಎಂದರೆ ಕಳಿಸಬೇಡಿ. ‘ಗ್ಯಾರಂಟಿ ಲಾಭ’, ‘ಐದು ಜನರನ್ನು ಸೇರಿಸಿದರೆ ಕಮಿಷನ್’ ಎಂಬ ಮಾತು ಬಂದರೆ ಅದು ಸಹಕಾರಿ ಅಂಗಡಿಯೇ ಅಲ್ಲ. ಅನುಮತಿ ಇಲ್ಲದೆ ಸಾರ್ವಜನಿಕರಿಂದ ಠೇವಣಿ ಎತ್ತುವುದನ್ನು 2019ರ ಕೇಂದ್ರ ಕಾನೂನು ನಿಷೇಧಿಸಿದೆ.

ಮಾತು 4: ‘ನಮ್ಮದೇ ಅಂಗಡಿ, ಹಾಗಾಗಿ ಎಲ್ಲ ಶುದ್ಧ’

ಉದ್ದೇಶ ಶುದ್ಧವಾಗಿರಬಹುದು. ಆದರೆ ತೇವಾಂಶ, ಹುಳು, ಬೂಷ್ಟು ಮಾಲೀಕರು ಯಾರೆಂದು ನೋಡುವುದಿಲ್ಲ.

ಪಾಲಿಶ್ ಮಾಡದ ಅಕ್ಕಿ, ಸಿರಿಧಾನ್ಯದ ಅಕ್ಕಿ, ಗಾಣದ ಎಣ್ಣೆ, ಇಂಥವನ್ನೇ ಇಡುತ್ತೇವೆ ಎಂದು ಹೊಸ ಅಂಗಡಿಗಳು ಹೇಳುವುದು ಹೆಚ್ಚು. ಪಾಲಿಶ್ ಮಾಡದ ಅಕ್ಕಿಯಲ್ಲಿ ತೌಡಿನ ಪದರ ಉಳಿದಿರುತ್ತದೆ. ತೌಡಿನಲ್ಲಿ ಎಣ್ಣೆ ಇದೆ. ಗಿರಣಿಗೆ ಹಾಕಿದಾಗ ಆ ಎಣ್ಣೆ ಗಾಳಿಗೆ ಸಿಕ್ಕಿ ಮೆಲ್ಲಗೆ ಕೆಡುತ್ತದೆ, ಕಮಟು ವಾಸನೆ ಬರುತ್ತದೆ. ಹಾಗಾಗಿ ಇವನ್ನು ಬಿಳಿ ಅಕ್ಕಿಯಂತೆ ತಿಂಗಳುಗಟ್ಟಲೆ ರಾಶಿ ಹಾಕಿ ಇಡುವಂತಿಲ್ಲ. ಅಗ್ಗ ಎಂದು ಒಮ್ಮೆಲೇ 20 ಮೂಟೆ ತರಿಸಿದರೆ ನಷ್ಟವೇ. ರಾಗಿ ಹಾಗಲ್ಲ, ಇಡಿ ಕಾಳಾಗಿ ಒಣಗಿಸಿ ಇಟ್ಟರೆ ಬಹುಕಾಲ ಬರುತ್ತದೆ. ಅದೇ ರಾಗಿ ಹಿಟ್ಟಾದರೆ ಬಾಳಿಕೆ ಕಡಿಮೆ.

ಕಡಲೆಕಾಯಿ ಬೀಜದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ತೇವ ತಗುಲಿ ಬೂಷ್ಟು ಬಂದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ಇದು ಯಕೃತ್ತಿಗೆ ಹಾನಿ ಮಾಡುತ್ತದೆ, ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ‘ಬೂಷ್ಟು ಬಂದದ್ದನ್ನು ತೊಳೆದು ಬಿಸಿಲಿಗೆ ಹಾಕಿದರೆ ಸರಿಹೋಗುತ್ತದೆ’ ಎಂಬುದನ್ನು ನಂಬಬೇಡಿ, ಬಿಸಾಡಿ.

ಗೋದಾಮಿನಲ್ಲಿ ಮಾಡಬೇಕಾದದ್ದು ಸರಳ. ಮೂಟೆಗಳನ್ನು ನೇರ ನೆಲದ ಮೇಲೆ ಇಡದೆ ಮರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಪ್ರತಿ ಮೂಟೆಯ ಮೇಲೆ ಬಂದ ದಿನಾಂಕ ಬರೆಯಿರಿ. ಮೊದಲು ಬಂದ ಮೂಟೆ ಮೊದಲು ಖಾಲಿಯಾಗಬೇಕು.

‘ಎಫ್‌ಎಸ್‌ಎಸ್‌ಎಐ ನಂಬರ್ ಇದೆ, ಹಾಗಾಗಿ ಸರ್ಕಾರವೇ ಶುದ್ಧ ಎಂದು ಹೇಳಿದೆ’ ಎಂಬುದೂ ತಪ್ಪು ತಿಳಿವಳಿಕೆ. ಆ 14 ಅಂಕಿಯ ನಂಬರ್ ಆಹಾರ ವ್ಯಾಪಾರ ಮಾಡಲು ಪಡೆದ ನೋಂದಣಿ ಅಥವಾ ಪರವಾನಗಿ. ಆ ಅಂಗಡಿಯ ಪ್ರತಿ ಚೀಲವನ್ನೂ ಪರೀಕ್ಷಿಸಲಾಗಿದೆ ಎಂದು ಅದರ ಅರ್ಥವಲ್ಲ. ನಂಬರ್ ಇರಲೇಬೇಕು, ಅದರ ಮೇಲೆ ನಿಮ್ಮ ಎಚ್ಚರವೂ ಇರಬೇಕು.

ಬಾಗಿಲು ತೆರೆಯುವ ಮೊದಲು

ಒಂದು ಗುಂಪು ನಿಜವಾಗಿಯೂ ಅಂಗಡಿ ಮಾಡಲು ಹೊರಟಿದ್ದರೆ ಈ ಕ್ರಮದಲ್ಲಿ ಹೋಗುವುದು ಒಳ್ಳೆಯದು.

1. ಮೊದಲು ಅಂಗಡಿ ಇಲ್ಲದೆ ಆರು ತಿಂಗಳು ನಡೆಸಿ. ತಿಂಗಳಿಗೊಮ್ಮೆ ಮನೆಮನೆಯಿಂದ ಪಟ್ಟಿ ಮತ್ತು ಮುಂಗಡ ಹಣ ತೆಗೆದುಕೊಂಡು, ಒಟ್ಟಿಗೆ ಸಗಟಾಗಿ ತಂದು, ಒಂದೇ ದಿನ ಹಂಚಿ. ಬಾಡಿಗೆಯಿಲ್ಲ, ದಾಸ್ತಾನಿಲ್ಲ. ಆರನೇ ತಿಂಗಳೂ ಎಷ್ಟು ಮನೆಯವರು ಉಳಿದಿದ್ದಾರೆ ಎಂಬುದೇ ನಿಮ್ಮ ಅಂಗಡಿಯ ನಿಜವಾದ ಬಲ.

2. ಆಮೇಲೆ ಸಂಘದ ನೋಂದಣಿ. ಬೈಲಾದಲ್ಲಿ ಏನಿದೆ ಎಂದು ಸದಸ್ಯರಿಗೆಲ್ಲ ಕನ್ನಡದಲ್ಲಿ ಓದಿ ಹೇಳಿ. ಸಂಘ ಬಿಟ್ಟು ಹೋಗುವವರಿಗೆ ಷೇರು ಹಣ ಯಾವಾಗ, ಹೇಗೆ ವಾಪಸ್ ಎಂಬುದು ಬರಹದಲ್ಲಿರಲಿ.

3. ಸಂಘದ ಹೆಸರಿನಲ್ಲೇ ಬ್ಯಾಂಕ್ ಖಾತೆ. ಹಣ ತೆಗೆಯಲು ಇಬ್ಬರ ಸಹಿ.

4. ಕಡಿಮೆ ಬಗೆಯ ಸರಕಿನಿಂದ ಶುರು ಮಾಡಿ. ಅಕ್ಕಿ, ರಾಗಿ, ಬೇಳೆ, ಬೆಲ್ಲ, ಎಣ್ಣೆಯಷ್ಟು ಸಾಕು. ತರಕಾರಿ, ಸೊಪ್ಪು ದಿನದಲ್ಲೇ ಹಾಳಾಗುವುದರಿಂದ ಕೈ ಪಳಗಿದ ಮೇಲೆ ತನ್ನಿ.

5. ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಹಾಕಿಸಿ. ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಮರುಪರಿಶೀಲನೆ ಮಾಡಿಸಬೇಕು. ತಕ್ಕಡಿ ಗಿರಾಕಿಗೆ ಕಾಣುವಂತಿರಲಿ.

6. ಉದ್ರಿ ಬೇಡ. ಅಧ್ಯಕ್ಷರಿಗೂ ಬೇಡ. ಕಷ್ಟದಲ್ಲಿರುವ ಸದಸ್ಯರಿಗೆ ನೆರವಾಗಬೇಕಾದರೆ ಅದಕ್ಕೆ ಬೇರೆ ನಿಧಿ ಇಡಿ, ಗಲ್ಲಾಪೆಟ್ಟಿಗೆಯಿಂದ ಕೊಡಬೇಡಿ.

7. ಪ್ರತಿ ತಿಂಗಳ ಖರೀದಿ, ಮಾರಾಟ, ಖರ್ಚು, ಉಳಿಕೆಯ ಲೆಕ್ಕವನ್ನು ಅಂಗಡಿಯ ಗೋಡೆಗೆ ಅಂಟಿಸಿ, ವಾಟ್ಸಾಪ್ ಗುಂಪಿಗೂ ಹಾಕಿ. ನಷ್ಟವಾದ ತಿಂಗಳೂ ಹಾಕಿ.

ಹಣ ಕಳಿಸುವ ಮೊದಲು ಕೇಳಬೇಕಾದ ಐದು ಪ್ರಶ್ನೆ

• ಸಂಘದ ನೋಂದಣಿ ಸಂಖ್ಯೆ ಏನು? ಯಾವ ಕಾಯ್ದೆಯ ಅಡಿಯಲ್ಲಿ?
• ಹಣ ಹೋಗುವುದು ಯಾರ ಖಾತೆಗೆ? ರಸೀದಿ ಯಾರ ಹೆಸರಿನಲ್ಲಿ ಬರುತ್ತದೆ?
• ತಿಂಗಳ ಖರ್ಚು ಎಷ್ಟು? ಅದು ಹುಟ್ಟಲು ಎಷ್ಟು ವ್ಯಾಪಾರ ಬೇಕು?
• ನನಗೆ ಎಷ್ಟು ಮತ? ಲೆಕ್ಕ ನೋಡುವ ಹಕ್ಕು ನನಗಿದೆಯೇ?
• ನಾನು ಬಿಟ್ಟು ಹೋದರೆ ನನ್ನ ಷೇರು ಹಣ ಏನಾಗುತ್ತದೆ?

ಒಳ್ಳೆಯ ಉದ್ದೇಶದಿಂದ ಹೊರಟವರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಉತ್ತರ ಸಿದ್ಧವಿಲ್ಲದಿದ್ದರೆ ‘ಕುಳಿತು ಲೆಕ್ಕ ಮಾಡೋಣ ಬನ್ನಿ’ ಎನ್ನುತ್ತಾರೆ. ‘ನಂಬಿಕೆ ಇಲ್ಲವೇ?’ ಎಂದು ತಿರುಗಿ ಕೇಳುವವರಿದ್ದರೆ ಹಣ ನಿಮ್ಮ ಹತ್ತಿರವೇ ಇರಲಿ.

ಮುಂದಿನ ಸಲ ‘ನಮ್ಮದೇ ಅಂಗಡಿ’ ಎಂಬ ಮೆಸೇಜ್ ಬಂದಾಗ ಅದನ್ನು ಹಾಗೇ ಮುಂದಕ್ಕೆ ಕಳಿಸುವ ಬದಲು ಈ ಐದು ಪ್ರಶ್ನೆಗಳನ್ನೂ ಜೊತೆಗೆ ಸೇರಿಸಿ ಕಳಿಸಿ. ಅಂಗಡಿ ಮಾಡುವವರಿಗೂ ಅದರಿಂದ ಉಪಕಾರ, ಹಣ ಹಾಕುವವರಿಗೂ ಉಪಕಾರ.